ಕೆಳಮನೆಯವಳ ಅಭಿಪ್ರಾಯ

ಬುಧವಾರ ಮಧ್ಯಾಹ್ನ ಒಂದೂವರೆಗೆ ಅಡಿವೆಪ್ಪನ ವ್ಯಾನು ಈಸ್ಟ್‌ಗೇಟಿನ ಅಪಾರ್ಟ್‌ಮೆಂಟೊಂದರ ಮುಂದೆ ಬಂದು ನಿಲ್ಲುತ್ತಿತ್ತು. ಒಂದೂವರೆ ಅಂದರೆ ಒಂದೂವರೆ. ಮೂವತ್ತೊಂದು ವರ್ಷ ಬೈಲಹೊಂಗಲದ ಸುತ್ತಮುತ್ತ ಬಸ್ಸು ಓಡಿಸಿದ ಮನುಷ್ಯ. ಈಗ ಈ ಪರದೇಶದಲ್ಲಿ ಮಗನ ವ್ಯಾನನ್ನು ಓಡಿಸುವಾಗಲೂ ಅದು ಐವತ್ತು ಸೀಟಿನ ಬಸ್ಸೇ ಎನ್ನುವಂತೆ ತಿರುವುಗಳನ್ನು ಅಗಲಕ್ಕೆ ತೆಗೆದುಕೊಳ್ಳುತ್ತಿದ್ದ. ಹತ್ತುವವರು ಮೂರೇ ಜನ. ನೆಲದ ಮಹಡಿಯ ಸುಮಿತ್ರಮ್ಮ, ಅದೇ ಕಟ್ಟಡದ ಹಿಂಬದಿಯಿಂದ ಬರುವ ಗಂಗವ್ವ, ಆಮೇಲೆ ದಾರಿಯಲ್ಲಿ ಸಿಗುವ ಬೆಟ್ಟಮ್ಮ. ಆದರೂ ಅಡಿವೆಪ್ಪ ಕನ್ನಡಿಯಲ್ಲಿ ಎಲ್ಲರೂ ಕೂತದ್ದನ್ನು ನೋಡಿ, "ರೈಟ್!" ಎಂದು ತನಗೆ ತಾನೇ ಹೇಳಿಕೊಂಡೇ ಗಾಡಿ ಬಿಡುತ್ತಿದ್ದ. ಡ್ರೈವರೂ ಅವನೇ, ಕಂಡಕ್ಟರೂ ಅವನೇ.

ಹೋಗುವುದು ಪಕ್ಕದ ಊರು ಸಮಾಮಿಶ್‌ಗೆ, ಲಕ್ಷ್ಮೀಕಾಂತ ಮೇಷ್ಟ್ರ ಮಗಳ ಮನೆಗೆ. ಮೇಷ್ಟ್ರು ಅಂದರೂ ಅವರು ಪಾಠ ಹೇಳಿದವರಲ್ಲ. ಪುದುಚೇರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತೆಂಟು ವರ್ಷ ಪುಸ್ತಕ ಕಾಯ್ದವರು. ಅಲ್ಲಿ ಕಲಿತ ಫ್ರೆಂಚ್ ಭಾಷೆ ಇಲ್ಲಿ ಯಾರಿಗೂ ಬೇಡವಾಗಿತ್ತು. ಹಾಗಾಗಿ ವಾರಕ್ಕೊಂದು ಹಳೆಯ ಫ್ರೆಂಚ್ ಸಿನಿಮಾ ಹಾಕಿ, ನಡುನಡುವೆ ನಿಲ್ಲಿಸಿ, ಹರಿಕಥೆಯ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕು. ಹೇಳದವರಿಗೆ ಕಾಫಿ ಇಲ್ಲ. 'ಚೆನ್ನಾಗಿತ್ತು' ಅಂದರೆ ನಡೆಯುವುದಿಲ್ಲ, ಏನು ಚೆನ್ನಾಗಿತ್ತು ಅನ್ನಬೇಕು. ಹೇಳಿದ್ದನ್ನೆಲ್ಲ ಅವರು ರೂಲು ಹಾಕಿದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸಂಜೆ ಕೂತು ಅದನ್ನು ಫ್ರೆಂಚಿಗೆ ತಿರುಗಿಸಿ, ಲೋಕದವರೆಲ್ಲ ಸಿನಿಮಾದ ಮೇಲೆ ಅಭಿಪ್ರಾಯ ಬರೆಯುವ ಒಂದು ಜಾಲತಾಣಕ್ಕೆ ಹಾಕುತ್ತಿದ್ದರು.

ಸುಮಿತ್ರಮ್ಮ ಪಾಂಡವಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಮಗಳು ಮೇಘನಾಳ ಹೆರಿಗೆಗೆಂದು ಬಂದು ಐದು ತಿಂಗಳಾಗಿತ್ತು. ಬಾಣಂತನದ ಕೆಲಸ ಅವಳಿಗೆ ಹೂವೆತ್ತಿದ ಹಾಗೆ, ಕಷ್ಟವಾಗಿದ್ದು ಮಾತಿಲ್ಲದ್ದು. ಮಗಳು, ಅಳಿಯ ಅಭಿನವ್ ಇಬ್ಬರೂ ಲ್ಯಾಪ್‌ಟಾಪಿನೊಂದಿಗೆ ಮಾತಾಡಿ ದಣಿದು ಊಟದ ಹೊತ್ತಿಗೆ ಸುಮ್ಮನಾಗಿಬಿಡುತ್ತಿದ್ದರು. ವ್ಯಾನಿನಲ್ಲಿ ಗಂಗವ್ವ ಸಿಕ್ಕ ಮೇಲೆಯೇ ಸುಮಿತ್ರಮ್ಮನಿಗೆ ಬಾಯಿ ಬಂದದ್ದು.

ಗಂಗವ್ವ ರೋಣದ ಕಡೆಯವಳು, ಮಗ ಕಲ್ಮೇಶ್‌ನ ಮನೆಯಲ್ಲಿ ಗಂಡ ಈರಬಸಪ್ಪನೊಂದಿಗೆ ನಾಲ್ಕು ವರ್ಷದಿಂದ ಇದ್ದಳು. ಸುಮಿತ್ರಮ್ಮನಿಗಿಂತ ಐದು ವರ್ಷ ದೊಡ್ಡವಳು. ಕಟ್ಟಡ ಒಂದೇ ಆದರೂ ಅವಳ ಮನೆಗೆ ಮೆಟ್ಟಿಲು ಹಿಂದಿನ ಪಾರ್ಕಿಂಗ್ ಕಡೆಯಿಂದ. ಹೀಗಾಗಿ ಒಬ್ಬರ ಬಾಗಿಲು ಇನ್ನೊಬ್ಬರು ಕಂಡಿರಲಿಲ್ಲ. ಮೊದಲ ಬುಧವಾರವೇ ಗಂಗವ್ವ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಸುಮಿತ್ರಮ್ಮನ ತೊಡೆಯ ಮೇಲಿಟ್ಟು, "ಬಾಣಂತಿಗೆ ಕೊಡ್ರಿ, ಜೋಳದ ರೊಟ್ಟಿ. ಹಾಲಿಗೆ ಚಲೋ," ಎಂದಿದ್ದಳು. ಕಾಗದದಷ್ಟು ತೆಳ್ಳಗಿನ, ಹುಣ್ಣಿಮೆ ಚಂದ್ರನಷ್ಟು ದುಂಡಗಿನ ರೊಟ್ಟಿ. ಅಂದಿನಿಂದ ಪ್ರತಿ ಬುಧವಾರವೂ ಗಂಟು ಬರುತ್ತಿತ್ತು; ಸುಮಿತ್ರಮ್ಮ ಬಟ್ಟೆ ಒಗೆದು, ಅದರಲ್ಲಿ ಹುರುಳಿ ಕಾಳಿನ ಬಸ್ಸಾರಿನ ಡಬ್ಬಿಯನ್ನೋ ಹುಣಿಸೆ ತೊಕ್ಕನ್ನೋ ಕಟ್ಟಿ ಹಿಂದಕ್ಕೆ ಕೊಡುತ್ತಿದ್ದಳು.

ಈ ಸುಖದ ನಡುವೆ ಒಂದು ಪೀಡೆ ಇತ್ತು. ಬೆಳಗಿನ ಐದಕ್ಕೆ ಸರಿಯಾಗಿ ತಲೆಯ ಮೇಲೆ ಏನೋ ಬಡಿಯತೊಡಗುವುದು. ಟಪ್ ಟಪ್ ಟಪ್, ಸ್ವಲ್ಪ ಬಿಡುವು, ಮತ್ತೆ ಟಪ್ ಟಪ್ ಟಪ್. ಮರದ ಮನೆ, ಮೇಲಿನವರು ಚಮಚ ಬೀಳಿಸಿದರೆ ಕೆಳಗಿನವರಿಗೆ ಪಾತ್ರೆ ಬಿದ್ದಂತೆ ಕೇಳುತ್ತದೆ. ಅರ್ಧ ಗಂಟೆ ಅದು ನಡೆಯುವುದು. ಎರಡು ತಿಂಗಳಿಂದ ರಾತ್ರಿಯೆಲ್ಲ ರಚ್ಚೆ ಹಿಡಿದು ನಾಲ್ಕಕ್ಕೆ ಕಣ್ಣು ಮುಚ್ಚುತ್ತಿದ್ದ ಕೂಸು ಯಶ್ ಬೆಚ್ಚಿಬಿದ್ದು ಕಿರಿಚಿಕೊಳ್ಳುವುದು. ಮೇಘನಾ ಎದ್ದು ಕೂತು ಅಳುವಳು. ಕೂಸು ಅತ್ತರೆ ಸುಮಿತ್ರಮ್ಮ ಎತ್ತಿಕೊಳ್ಳಬಲ್ಲಳು. ಹೆತ್ತ ಮಗಳು ಅತ್ತರೆ ಏನು ಮಾಡುವುದು?

ನೇರ ಮೇಲಿನ ಮನೆಯಲ್ಲಿ ಒಬ್ಬ ಬಿಳಿಯ ಹುಡುಗನಿದ್ದ, ಒಂಟಿಗ. ತೋಳು ಅಂದರೆ ತೇಗದ ದಿಮ್ಮಿ. ಅವನು ಒಂದು ದಿನ ಕಬ್ಬಿಣದ ಗುಂಡುಗಳನ್ನು ಮೆಟ್ಟಿಲ ಮೇಲೆ ಸಾಗಿಸುವುದನ್ನು ಸುಮಿತ್ರಮ್ಮ ಕಿಟಕಿಯಿಂದ ಕಂಡಿದ್ದಳು. ಅಷ್ಟು ಸಾಕಾಯಿತು. "ಅವ್ನೇ ಕಣೆ. ಬೆಳಗಾಗೆದ್ದು ಗರಡಿ ಸಾಧನೆ ಮಾಡ್ತಾನೆ. ಅಪಾರ್ಟ್‌ಮೆಂಟ್ ಆಫೀಸ್‌ನೋರಿಗೆ ಬರಿ," ಎಂದಳು ಮಗಳಿಗೆ. ಮೇಘನಾ ಹಿಂದೆ ಮುಂದೆ ನೋಡಿದಳು. "ಬರಿ ಅಂದ್ರೆ ಬರಿ. ನಿನ್ನ ಕೈಲಾಗ್ದಿದ್ರೆ ಹೇಳು, ನಾನೇ ಹೋಗಿ ಕನ್ನಡದಲ್ಲಿ ಬಯ್ದು ಬತ್ತೀನಿ," ಎಂದ ಮೇಲೆ ಮಗಳು ಫೋನಿನಲ್ಲೇ ದೂರು ಬರೆದು ಕಳಿಸಿದ್ದಳು. ಮೂರು ದಿನದಲ್ಲಿ ಆ ಹುಡುಗನ ಬಾಗಿಲಿಗೆ ಚೀಟಿ ಬಿತ್ತು. ಅವನು ಎಲ್ಲಿಂದಲೋ ದಪ್ಪ ರಬ್ಬರಿನ ಹಾಸುಗಳನ್ನು ತರಿಸಿದ. ಸದ್ದು ನಿಲ್ಲಲಿಲ್ಲ. ಸುಮಿತ್ರಮ್ಮ ಮಗಳಿಂದ ಎರಡನೆಯ ದೂರು ಬರೆಸಿದಳು. ಆಮೇಲೆ ಒಂದು ಬೆಳಿಗ್ಗೆ ಸದ್ದು ನಿಂತೇಹೋಯಿತು. ಕೂಸು ಏಳರವರೆಗೆ ಮಲಗಿತು. 'ಬಗ್ಗಿದ ನೋಡು ಭೀಮಸೇನ,' ಎಂದುಕೊಂಡು ಸುಮಿತ್ರಮ್ಮ ಆ ವಾರವೆಲ್ಲ ಬೀಗಿದ್ದಳು.

ಈ ಬುಧವಾರ ವ್ಯಾನು ಹತ್ತಿದ ಗಂಗವ್ವನ ಕೈ ಬರಿದಾಗಿತ್ತು.

"ಇವತ್ತ ಗಂಟಿಲ್ರಿ ಸುಮಿತ್ರಕ್ಕಾರ. ರೊಟ್ಟಿ ನಿಂತು ಆರ ದಿನ ಆತು."

"ಯಾಕ್ ಗಂಗಕ್ಕ, ಹಿಟ್ಟು ಮುಗೀತಾ?"

"ಹಿಟ್ಟ ಬೇಕಾದಷ್ಟ ಐತಿ. ಬಡಿಯೂಹಂಗಿಲ್ಲ. ಆಫೀಸಿನವರು ಬಾಗಿಲಕ ಚೀಟಿ ಹಚ್ಚಿ ಹೋಗ್ಯಾರ. ಮುಂಜಾನೆ ಐದಕ್ಕ ನಿಮ್ಮ ಮನ್ಯಾಗಿಂದ ಬಡಿಯೂ ಸಪ್ಪಳ ಬರತೈತಿ, ನಿಲ್ಲಸ್ರಿ, ಇಲ್ಲಂದ್ರ ಮುಂದ ಮನಿ ಬಿಡೂ ಮಾತ ಬರತೈತಿ ಅಂತ. ಮೊದಲ ಬಾಜೂಮನಿ ಹುಡುಗಗ ಬರದಿದ್ರಂತ. ಅವ ನಾ ಅಲ್ಲ ಅಂದ. ಆಮ್ಯಾಲ ನಮ್ಮನ್ನ ಹಿಡದಾರ."

"ಬಡಿಯೋ ಸದ್ದಾ?" ಸುಮಿತ್ರಮ್ಮನಿಗೆ ಅರ್ಥವಾಗಲಿಲ್ಲ. "ಐದಕ್ಕೆದ್ದು ಏನ್ ಬಡೀತೀರಿ ಗಂಗಕ್ಕ?"

"ರೊಟ್ಟಿರಿ! ಮತ್ತೇನ ಬಡೀಲಿ? ಮುದುಕನ್ನ ಬಡೀಲೇನು?"

ಅಡಿವೆಪ್ಪ ಮುಂದಿನಿಂದಲೇ ಗಹಗಹಿಸಿದ. "ರೊಟ್ಟಿ ಸಪ್ಪಳಕ್ಕ ತಕರಾರೇನ್ರಿ ಯಕ್ಕಾ! ನಮ್ಮ ಕಡೆ ಆ ಸಪ್ಪಳ ಕೇಳಲಿಲ್ಲಂದ್ರ, ಆ ಮನ್ಯಾಗ ಏನೋ ಕೆಟ್ಟದ್ದಾಗೇತಿ ಅಂತ ನಾಕ ಮಂದಿ ಓಡಿ ಬರ್ತಾರ."

ಸುಮಿತ್ರಮ್ಮ ಇನ್ನೂ ಗಂಗವ್ವನ ಮುಖವನ್ನೇ ನೋಡುತ್ತಿದ್ದಳು. ಅವಳ ಕಡೆ ರೊಟ್ಟಿ ಅಂದರೆ ಹಂಚಿನ ಮೇಲೆ ಬೆರಳ ತುದಿಯಲ್ಲಿ ತಟ್ಟುವುದು. ನಿದ್ದೆ ಮಾಡುವ ಕೂಸಿನ ಬೆನ್ನು ತಟ್ಟಿದಂತೆ. ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಇಷ್ಟು ತಿಂಗಳು ರೊಟ್ಟಿ ತಿಂದಿದ್ದಳೇ ಹೊರತು ಅದು ಹೇಗಾಗುತ್ತದೆ ಎಂದು ಕೇಳಿರಲಿಲ್ಲ.

"ಹೆಂಗ್ ಬಡೀತೀರಿ?" ಎಂದಳು.

ಗಂಗವ್ವ ವ್ಯಾನಿನ ಸೀಟಿನ ಮೇಲೆ ಅಂಗೈ ಬಿಟ್ಟು ತೋರಿಸಿದಳು. ಟಪ್ ಟಪ್ ಟಪ್. ಕೈ ಒಂದು ಸುತ್ತು ತಿರುಗಿತು. ಟಪ್ ಟಪ್ ಟಪ್. "ನೆಲಕ್ಕ ಕೂತು, ಹಲಗಿ ಮುಂದ ಇಟ್ಕೊಂಡು. ನಿಂತು ಮಾಡಂತಾಳ ಸೊಸಿ ವೈಶಾಲಿ. ನಿಂತು ಮಾಡಿದ್ರ ಭಾರ ಬೀಳೂದಿಲ್ರಿ. ಕಲ್ಮೇಶ ಆರಕ್ಕ ಡಬ್ಬಿ ತಗೊಂಡು ಆಫೀಸಿಗೆ ಹೊಂಡ್ತಾನ, ಅದಕ್ಕ ಐದಕ್ಕ ಸುರು ಮಾಡತಿದ್ದೆ."

ಮೂರು, ಬಿಡುವು, ಮೂರು. ಸುಮಿತ್ರಮ್ಮ ಮನಸ್ಸಿನಲ್ಲೇ ಎಣಿಸಿದಳು. ಎರಡು ತಿಂಗಳು ಕಿವಿಗೊಟ್ಟು ಕೇಳಿ ಶಪಿಸಿದ ಸದ್ದು ಅದು; ಎಲ್ಲಿ ಕೇಳಿದರೂ ಗುರುತು ಹತ್ತುತ್ತಿತ್ತು.

"ಆರ ದಿನದಿಂದ ಮುದುಕ ಚಪಾತಿ ಮುರದು ಹಾಲಾಗ ಹಾಕ್ಕೊಂಡು ಎರಡ ತುತ್ತು ತಿಂದು ಏಳ್ತಾನ. ಬೈಯೂದಿಲ್ಲ, ಏನಿಲ್ಲ. ಬೈದ್ರ ಚಲೋ ಇತ್ತು," ಎಂದಳು ಗಂಗವ್ವ. "ಯಾರ ಬರದಾರೋ. ಯಾರೇ ಆಗ್ಲಿ, ಅವರ ಬಾಯಿಗೆ ಒಂದ ದಿನ ಬಿಸಿ ರೊಟ್ಟಿ ಬಿದ್ದಿದ್ರ ಹಿಂಗ ಮಾಡತಿರಲಿಲ್ಲ."

ಸುಮಿತ್ರಮ್ಮ ಕಿಟಕಿಯಾಚೆ ನೋಡಿದಳು. ಜಿನುಗು ಮಳೆಯಲ್ಲಿ ಹೆದ್ದಾರಿ ಕಪ್ಪಗೆ ಹೊಳೆಯುತ್ತಿತ್ತು. ಹೇಳಬೇಕೆಂದರೆ ಈಗಲೇ ಹೇಳಬಹುದಿತ್ತು. ಅಷ್ಟರಲ್ಲಿ ಬೆಟ್ಟಮ್ಮನ ಮನೆ ಬಂತು. ಬೆಟ್ಟಮ್ಮ ಹತ್ತುತ್ತಲೇ, "ಅಯ್ಯೋ ಸಿವ್ನೆ, ಮಂಡಿ!" ಎಂದು ಶುರು ಮಾಡಿದಳು. ಅಡಿವೆಪ್ಪ "ರೈಟ್!" ಎಂದ.

ಅಂದಿನ ಸಿನಿಮಾ ಕಪ್ಪು ಬಿಳುಪಿನದು. ಪ್ಯಾರಿಸ್ಸಿನ ಐದು ಮಹಡಿಯ ಒಂದು ವಠಾರ, ಅದರ ಜನ. ಅಷ್ಟೇ ಕಥೆ. ತಳದಲ್ಲಿ ಟೋಪಿ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು. ಒಂದು ಬೆಳಿಗ್ಗೆ ಅವಳ ಹೊಸ ಟೋಪಿಯ ಮೇಲೆ ಟೊಪ್ಪೆಂದು ಒಂದು ಹನಿ ನೀರು ಬೀಳುತ್ತದೆ. ಅವಳು ಸಿಟ್ಟಿನಿಂದ ಒಂದು ಪತ್ರ ಬರೆದು, ವಠಾರದ ಬಾಗಿಲು ಕಾಯುವ ಮುದುಕಿಯ ಕೈಲಿ ಮೇಲಿನ ಮನೆಗೆ ಕಳಿಸುತ್ತಾಳೆ. ಮೇಲಿನವನು ಪಿಟೀಲು ಮೇಷ್ಟ್ರು. ಅವನ ಪಿಟೀಲಿನೊಳಗೂ ನೀರು. ಅವನು ತನ್ನ ಮೇಲಿನವರಿಗೆ ಇನ್ನೊಂದು ಪತ್ರ ಬರೆಯುತ್ತಾನೆ. ಹೀಗೆ ಪತ್ರದ ಮೇಲೆ ಪತ್ರ. ಹತ್ತಿ ಇಳಿದು ಆ ಮುದುಕಿ ಕಡ್ಡಿಯಾಗುತ್ತಾಳೆ. ಲಕ್ಷ್ಮೀಕಾಂತ ಮೇಷ್ಟ್ರು ಒಂದೊಂದು ಪತ್ರವನ್ನೂ ಒಂದೊಂದು ದನಿಯಲ್ಲಿ ಓದಿದರು. ಕೊನೆಗೆ ಎಲ್ಲರೂ ಕೋಲು ಕೊಡೆ ಹಿಡಿದು ಮಾಳಿಗೆಗೆ ನುಗ್ಗಿದರೆ, ಅಲ್ಲೊಬ್ಬ ಹಳ್ಳಿಯ ಮುದುಕ ಸ್ನಾನದ ತೊಟ್ಟಿಗೆ ಮಣ್ಣು ತುಂಬಿ ಟೊಮೆಟೊ ಬೆಳೆದಿದ್ದಾನೆ. ದಿನಾ ನೀರುಣಿಸುತ್ತಾನೆ. ಅದೇ ಸೋರಿದ್ದು. ಬಂದವರು ಏನು ಮಾಡಬೇಕೋ ತಿಳಿಯದೆ ಒಂದೊಂದು ಹಣ್ಣು ಕಿತ್ತು ತಿನ್ನುತ್ತಾರೆ. ಮುಗಿಯಿತು.

ಎಲ್ಲರೂ ನಕ್ಕರು. ಗಂಗವ್ವನಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಮಿತ್ರಮ್ಮ ಇಡೀ ಸಿನಿಮಾದಲ್ಲಿ ಆ ಟೋಪಿಯವಳನ್ನು ಬಿಟ್ಟು ಬೇರೆ ಯಾರನ್ನೂ ಸರಿಯಾಗಿ ನೋಡಲಿಲ್ಲ.

"ಮೊದ್ಲು ಲೋಕದವರ ಅಭಿಪ್ರಾಯ ಕೇಳೋಣ," ಎಂದು ಮೇಷ್ಟ್ರು ಕನ್ನಡಕ ಏರಿಸಿ ಫೋನು ತೆಗೆದರು. "ಒಬ್ಬ ಬರೆದಿದಾನೆ: ಹಳೇ ಹಿಟ್ಟು, ಉಬ್ಬಲಿಲ್ಲ. ಐದಕ್ಕೆ ಎರಡು ನಕ್ಷತ್ರ. ಇನ್ನೊಬ್ಬ, ಲಿಯೋನ್ ಊರಿನವನು: ನಾನು ಇಂಥ ವಠಾರದಲ್ಲೇ ಹುಟ್ಟಿದ್ದು, ನಮ್ಮಲ್ಲಿ ನೀರು ಸೋರಿದಾಗ ಯಾರೂ ನಗಲಿಲ್ಲ, ಕೋರ್ಟಿಗೆ ಹೋದರು. ಇಲ್ಲೊಬ್ಬಳು: ಈ ಸಿನಿಮಾ ಹದಿನಾಲ್ಕು ಸಲ ನೋಡಿದ್ದೇನೆ, ಪ್ರತಿ ಸಲ ಬೇರೆ ಬೇರೆ ಮಹಡಿಯವರ ಪಕ್ಷ ವಹಿಸಿದ್ದೇನೆ."

"ಹದ್ನಾಕ್ ಸಲ್ವಾ?" ಬೆಟ್ಟಮ್ಮ ಬೆರಗಾದಳು. "ಅವ್ಳ್ ಮನೇಲಿ ಮುಸುರೆ ಯಾರ್ ತಿಕ್ತಾರಂತೆ?"

"ಅದೇ ನಿಮ್ಮ ಅಭಿಪ್ರಾಯ ಅಂತ ಬರಕೊಳ್ಳಲಾ?"

"ಬ್ಯಾಡಿ ಬ್ಯಾಡಿ. ನನ್ ಅಭಿಪ್ರಾಯ ಏನಂದ್ರೆ, ಆ ಬಾಗ್ಲು ಕಾಯೋ ಮುದ್ಕಿಗೆ ಮಂಡಿ ನೋವಿರ್ಬೇಕು. ಒಂದ್ ಸಲಾನೂ ಯಾರೂ ಕುಂತ್ಕೊ ಅನ್ಲಿಲ್ಲ. ಪಾಪದ್ದು."

ಮೇಷ್ಟ್ರು ಗಂಭೀರವಾಗಿ ಬರೆದುಕೊಂಡರು. ಅಡಿವೆಪ್ಪನದು ಯಾವತ್ತಿನದೇ ತಕರಾರು. "ಎಲ್ಲಾ ಬರೋಬರಿ. ಆದ್ರ ಇಡೀ ಪಿಚ್ಚರದಾಗ ಒಂದೂ ಗಾಡಿ ಇಲ್ಲ. ಬರೇ ಮೆಟ್ಟಲಾ. ಅಂಥಾ ಊರಾಗ ಒಂದ ಬಸ್ಸರೆ ತೋರಸಬಾರದೇನ್ರಿ?"

"ಗಂಗವ್ವನವರೇ, ನಿಮ್ಮದು?"

ಗಂಗವ್ವ ಕಾಲು ಮಡಿಚಿ ಸೋಫಾದ ಮೇಲೆ ಸರಿಯಾಗಿ ಕೂತಳು. ನಗು ಇನ್ನೂ ಮುಖದಲ್ಲಿತ್ತು, ಮಾತು ಮಾತ್ರ ಬೇರೆಯಾಗಿತ್ತು.

"ನಕ್ಕೆ, ಖರೇ. ಆದ್ರ ತಪ್ಪು ಆ ಟೋಪಿಯಾಕಿದು. ನೀರ ಬಿತ್ತು, ಸಿಟ್ಟ ಬಂತು. ಬರಲಿ, ಬಿಡ್ರಿ. ಆಕಿಗೆ ಕಾಲ ಇರಲಿಲ್ಲೇನು? ಹನ್ನೆರಡ ಮೆಟ್ಟಲಾ ಹತ್ತಿ ಬಾಗಲಾ ಬಡದು, ಯವ್ವಾ, ಹಿಂಗ ನೀರ ಬರತೈತಿ ಅಂದಿದ್ರ? ಅಲ್ಲೇ ಮುಗೀತಿತ್ತು. ಚೀಟಿ ಬರಿಯೂದಂದ್ರ ಮಾರಿ ಮುಚ್ಚಿಕೊಂಡು ಕಲ್ಲ ಒಗದಂಗ. ಬರಕೋರಿ ಮೇಷ್ಟ್ರ, ಹಿಂಗ ಬರಕೋರಿ. ಲೋಕದವರೂ ಓದ್ಲಿ."

"ಮುಖ ಮುಚ್ಚಿಕೊಂಡು ಕಲ್ಲು ಒಗೆದ ಹಾಗೆ," ಎಂದು ಗೊಣಗುತ್ತ ಮೇಷ್ಟ್ರು ಬರೆದರು. "ಭೇಷ್! ಸುಮಿತ್ರಮ್ಮನವರೇ?"

ಅಂಗನವಾಡಿಯಲ್ಲಿ ಮಕ್ಕಳು ತಪ್ಪು ಮಾಡಿ ನಿಂತಾಗ ಅವಳು ಹೇಳುತ್ತಿದ್ದುದು ಒಂದೇ ಮಾತು: 'ನಾನೇ ಅಂತ ಹೇಳು, ಬಯ್ಯಲ್ಲ.' ಇಪ್ಪತ್ತೈದು ವರ್ಷ ಅದನ್ನು ಹೇಳಿದ್ದ ಬಾಯಿಗೆ ಈಗ ಒಂದು ಅಕ್ಷರವೂ ಬರಲೊಲ್ಲದು. ಇಲ್ಲಿ, ಇಷ್ಟು ಜನರ ಮುಂದೆ, ನಗುವ ಅಡಿವೆಪ್ಪನ ಮುಂದೆ ಹೇಳುವುದೆಂತು?

"ಆ ಟೋಪಿಯವ್ಳ ಮನೆ ಒಳಗೆ ಏನಿತ್ತು ಅಂತ ತೋರಿಸ್ಲೇ ಇಲ್ಲ," ಎಂದಳು ಕೊನೆಗೆ. "ಅಂಗಡಿ ತೋರಿಸಿದ್ರು, ಟೋಪಿ ತೋರಿಸಿದ್ರು. ಒಳಗಡೆ ಯಾರಾರ ಉಷಾರಿಲ್ದೆ ಮಲಗಿದ್ರೋ, ಎಷ್ಟ್ ದಿವ್ಸದಿಂದ ನಿದ್ದೆ ಇಲ್ವೋ, ಅವ್ಳೂ ಸಾಕಾಗಿದ್ಲೋ ಏನೋ. ಎಲ್ರ ಮನೆಗೂ ಹೊಕ್ಕು ಬಂದ್ರು, ಅವಳ ಮನೆಗೆ ಮಾತ್ರ ಹೋಗ್ಲಿಲ್ಲ. ಅದು ನಂಗೆ ಸರಿ ಕಾಣ್ಲಿಲ್ಲ."

ಮೇಷ್ಟ್ರು ಪೆನ್ನು ಎತ್ತಿ, "ಇದು ಯಾರೂ ಹೇಳಿರಲಿಲ್ಲ. ಇನ್ನೂರು ಚಿಲ್ಲರೆ ಅಭಿಪ್ರಾಯದಲ್ಲಿ ಒಬ್ಬರೂ ಹೇಳಿಲ್ಲ," ಎಂದು ತಲೆದೂಗಿದರು.

"ಹೌದ ಬಿಡ್ರಿ, ಅದೂ ಒಂದ ಮಾತ," ಎಂದಳು ಗಂಗವ್ವ ನಿಧಾನವಾಗಿ. "ಆದ್ರೂ ಹತ್ತಿ ಹೋಗಿ ಹೇಳಬೇಕಿತ್ತು, ಒಳಗ ಹಿಂಗೈತಿ ಅಂತ. ಹೇಳದ ಹೆಂಗ ತಿಳೀತದ?"

ಕಾಫಿ ಬಂತು. ಸುಮಿತ್ರಮ್ಮನಿಗೆ ಅದರ ರುಚಿ ತಿಳಿಯಲಿಲ್ಲ. ತಾನು ಹೇಳಿದ್ದೇನೂ ಸುಳ್ಳಲ್ಲ. ಆದರೆ ನಿಜ ಹೇಳುವ ಜಾಗದಲ್ಲಿ ಅಭಿಪ್ರಾಯ ಹೇಳಿ ಎದ್ದು ಬಂದಂತಿತ್ತು.

ಮನೆಗೆ ಬಂದು ಕೋಟು ಕಳಚುವ ಮೊದಲೇ ಮಗಳಿಗೆ ಎಲ್ಲ ಹೇಳಿದಳು. ಮೇಘನಾ ಕೂಸಿಗೆ ಹಾಲೂಡುತ್ತ ಕೇಳಿದಳು. ಮೊದಲು ನಗು ಬಂತು, ಆಮೇಲೆ ರೇಗಿತು.

"ಅಮ್ಮ, ನೀನೇ ತಾನೆ ಕಂಪ್ಲೇಂಟ್ ಮಾಡು ಮಾಡು ಅಂತ ತಲೆ ತಿಂದಿದ್ದು? ಈಗ ನಿನ್ ಫ್ರೆಂಡ್ ಅಂತ ಗೊತ್ತಾದ್ ತಕ್ಷಣ ಆ ನಾಯ್ಸ್ ನಾಯ್ಸೇ ಅಲ್ವಾ? ಯಶ್ ಈಗ ಒಂದ್ ವಾರದಿಂದ ಮಲಗ್ತಿದಾನೆ."

"ನಿಲ್ಸಿದ್ದು ತಪ್ಪು ಅಂತಿಲ್ವಲ್ಲೇ."

"ಮತ್ತೆ? ಆಫೀಸ್‌ನವ್ರು ಯಾರು ಕಂಪ್ಲೇಂಟ್ ಮಾಡಿದ್ದು ಅಂತ ಹೇಳಲ್ಲ. ನೀನು ಮುಂದಿನ ತಿಂಗ್ಳು ಊರಿಗೆ ಹೋಗ್ತೀಯ. ಅವ್ರಿಗೆ ಯಾವತ್ತೂ ಗೊತ್ತಾಗಲ್ಲ. ಬಿಟ್ಬಿಡು."

ಸುಮಿತ್ರಮ್ಮ ಅಡುಗೆಮನೆಗೆ ಹೋಗಿ ನಿಂತಳು. ಬಿಟ್ಟುಬಿಡಬಹುದು, ಹೌದು. ಇನ್ನು ನಾಲ್ಕು ಬುಧವಾರ. ನಾಲ್ಕು ಸಲ ಆ ವ್ಯಾನಿನಲ್ಲಿ ಗಂಗವ್ವನ ಪಕ್ಕ ಕೂರಬೇಕು. ಮುದುಕ ಇವತ್ತು ಎಷ್ಟು ತುತ್ತು ತಿಂದ ಎಂದು ಅವಳು ಹೇಳುವುದನ್ನು ಕೇಳಿ, 'ಅಯ್ಯೋ ಪಾಪ' ಅನ್ನಬೇಕು. ಅದೊಂದು ಆಗದು ಎನಿಸಿತು. ಸ್ನೇಹ ಹೋಗುವುದಾದರೆ ಮೆಟ್ಟಿಲ ಮೇಲೆ ಹೋಗಲಿ, ಹೀಗೆ ಹುಳ ಹಿಡಿದು ಹೋಗುವುದು ಬೇಡ. ಕಳಚದೆ ಇದ್ದ ಕೋಟಿನಲ್ಲೇ ಹೊರಗೆ ಹೋದಳು.

ಕಟ್ಟಡವನ್ನು ಸುತ್ತಿ, ಪಾರ್ಕಿಂಗ್ ದಾಟಿ, ಹಿಂದಿನ ಮೆಟ್ಟಿಲು ಹತ್ತಿದಳು. ಐದು ಗಂಟೆಗೇ ದೀಪ ಹತ್ತಿತ್ತು. ಬಾಗಿಲು ತೆರೆದವನು ಈರಬಸಪ್ಪ. ಉದ್ದನೆಯ ಬಡಕಲು ಮನುಷ್ಯ, ಹಣೆಯಲ್ಲಿ ವಿಭೂತಿ, ಮೈಮೇಲೆ ಮಗನ ಸ್ವೆಟರು.

"ಬರ್ರಿ ಬರ್ರಿ. ಏ ಇವಳ, ಯಾರ ಬಂದಾರ ನೋಡು!"

ಗಂಗವ್ವ ಸಂಭ್ರಮದಿಂದ ಬಂದಳು. "ಅಯ್ಯ, ಸುಮಿತ್ರಕ್ಕಾರ! ಅಂತೂ ನಮ್ಮ ಮನಿ ಸಿಕ್ತಲ್ಲ! ಒಳಗ ಬರ್ರಿ, ಕುಂದರ್ರಿ."

"ಕೂರಲ್ಲ ಗಂಗಕ್ಕ. ಮೊದ್ಲು ಹೇಳ್ಬಿಡ್ತೀನಿ, ಆಮೇಲೆ ನೀವು ಕೂರು ಅಂದ್ರೆ ಕೂರ್ತೀನಿ." ಸುಮಿತ್ರಮ್ಮ ಹೊಸ್ತಿಲಾಚೆಯೇ ನಿಂತಿದ್ದಳು. "ಆ ಚೀಟಿ ಬರೆಸಿದ್ದು ನಾನು. ಎರಡು ಸಲ ಬರೆಸ್ದೆ. ಕೂಸು ಬೆಚ್ಚಿಬೀಳ್ತಿತ್ತು, ಮಗಳು ಅಳ್ತಿದ್ಲು. ನೀವು ಅಂತ ಗೊತ್ತಿರ್ಲಿಲ್ಲ. ನಿಮ್ ಪಕ್ಕದ್ಮನೆ ಹುಡುಗ ಅಂದ್ಕೊಂಡಿದ್ದೆ. ನಿಮ್ಮಾಣೆ, ನೀವು ಅಂತ ಗೊತ್ತಿದ್ರೆ ಬರೆಸ್ತಿರ್ಲಿಲ್ಲ."

ಗಂಗವ್ವನ ಮುಖದ ಮೇಲಿನ ಸಂಭ್ರಮ ಒಮ್ಮೆಗೇ ಇಳಿಯಲಿಲ್ಲ. ಬಾವಿಯ ನೀರಿನ ಹಾಗೆ ನೋಡುತ್ತ ನೋಡುತ್ತ ಇಳಿಯಿತು. ಒಳಗೆ ಎಲ್ಲೋ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಈರಬಸಪ್ಪ ಹೆಂಡತಿಯನ್ನೂ ಬಂದವಳನ್ನೂ ನೋಡಿ, ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ತಿರುಗಿಸಿದ.

"ನಾ ಅಂತ ಗೊತ್ತಿದ್ರ ಬರಸತಿರಲಿಲ್ಲ," ಎಂದಳು ಗಂಗವ್ವ. "ಆ ಹುಡುಗ ಆಗಿದ್ರ ಚಲೋ ಇತ್ತೇನು?"

ಸುಮಿತ್ರಮ್ಮ ಈ ಮಾತಿಗೆ ಸಿದ್ಧಳಾಗಿ ಬಂದಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿದ್ದಳು, ಬಾಗಿಲು ಹಾಕಿಕೊಂಡರೂ ತಡೆಯಬಲ್ಲವಳಾಗಿದ್ದಳು.

"ಗುರುತಿಲ್ಲದವರ ಮ್ಯಾಲಾದ್ರ ಕಲ್ಲ ಒಗೀಬಹುದೇನ್ರಿ? ಅವನೂ ಯಾರೋ ತಾಯಿ ಮಗ. ನೀವು ಬರಸಿದ ಚೀಟಿ ಮೊದಲ ಬಿದ್ದಿದ್ದು ಅವನ ಬಾಗಲಕ. ರೊಕ್ಕ ಕೊಟ್ಟು ರಬ್ಬರ ಹಾಸಿಗಿ ತರಿಸಿ ಹಾಸ್ಯಾನ. ಆಮ್ಯಾಲೂ ನೀವು ಬಿಡಲಿಲ್ಲ."

"ಇಲ್ಲ," ಎಂದಳು ಸುಮಿತ್ರಮ್ಮ. "ಬಿಡ್ಲಿಲ್ಲ."

ಗಂಗವ್ವ ಕೇಳಿದಳು, ದನಿ ಇನ್ನೂ ಬಿಗಿಯಾಗಿಯೇ ಇತ್ತು: "ಕೂಸು ಎಷ್ಟಕ್ಕ ಏಳತೈತಿ?"

"ಏಳಕ್ಕೆ."

"ಮತ್ತ ಏಳರ ಮ್ಯಾಲ ಬಡಿ ಅಂದಿದ್ರ ಬಡೀತಿದ್ದೆ. ಕಲ್ಮೇಶನ ಡಬ್ಬಿಗೆ ಹಿಂದಿನ ದಿನದ ಒಣ ಕಟಕ ರೊಟ್ಟಿ ಕಟ್ಟತಿದ್ದೆ. ಕೇಳಬೇಕಲ್ಲ ಮಂದಿ!"

"ಈಗ ಏಳಕ್ಕಲ್ಲ, ಹತ್ತಕ್ಕೂ ಬಡಿಯೂಹಂಗಿಲ್ಲ," ಎಂದ ಈರಬಸಪ್ಪ, ಕ್ಯಾಲೆಂಡರಿಗೆ ಹೇಳುವವನಂತೆ. "ಕಲ್ಮೇಶ ಬ್ಯಾಡಂದಾನ. ಆಫೀಸಿನವರು ಬರಕೊಂಡಾರ. ಇಲ್ಲೆ ಬಡಿದ್ರ ಕಟಗಿ ನೆಲ, ಸಪ್ಪಳ ಆಗೂದಾ." ಸ್ವಲ್ಪ ತಡೆದು, ಇನ್ನೂ ಮೆಲ್ಲಗೆ ಸೇರಿಸಿದ: "ಇವರ ಮನಿ ಕೆಳಗ ಯಾರ ಅದಾರ?"

"ಯಾರೂ ಇಲ್ಲ. ನೆಲ," ಎಂದಳು ಸುಮಿತ್ರಮ್ಮ.

"ಭೂಮ್ತಾಯಿ. ಆಕಿ ಚೀಟಿ ಬರಿಯೂದಿಲ್ಲ."

ಗಂಗವ್ವ ಗಂಡನತ್ತ ಒಂದು ನೋಟ ಎಸೆದಳು. "ಆರ ದಿನ ಬಾಯಿ ಬಿಡದಾವ ಈಗ ಬಿಟ್ಟಿ ನೋಡು, ಹೊಟ್ಟಿ ಮಾತ ಬಂದಕೂಡಲೆ!" ನಗು ಬರಲಿಲ್ಲ, ಆದರೆ ಬಾಗಿಲೂ ಮುಚ್ಚಲಿಲ್ಲ. ಸುಮಿತ್ರಮ್ಮನನ್ನು ಕೂರು ಎನ್ನಲೂ ಇಲ್ಲ.

"ನಾಳೆ ಹತ್ತಕ್ಕೆ ಬನ್ನಿ ಗಂಗಕ್ಕ. ಯಶ್ ಎದ್ದಿರ್ತಾನೆ. ಮೇಘನಾ ಕೈಲಿ ಆಫೀಸಿಗೂ ಬರೆಸ್ತೀನಿ, ತಪ್ಪು ನಂದು ಅಂತ."

"ನೋಡೂಣು," ಎಂದಳು ಗಂಗವ್ವ.

ಮರುದಿನ ಹತ್ತಾಯಿತು, ಹತ್ತೂವರೆಯಾಯಿತು. ಸುಮಿತ್ರಮ್ಮ ಅಡುಗೆಮನೆಯ ನೆಲವನ್ನು ಎರಡು ಸಲ ಒರೆಸಿ, ಒಂದು ಚಾಪೆ ಹಾಸಿ, ಚಾಪೆ ಬೇಕೋ ಬೇಡವೋ ತಿಳಿಯದೆ ಸುತ್ತಿಟ್ಟು, ಮತ್ತೆ ಹಾಸಿದ್ದಳು. ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದಾಯಿತು. ಕಂಕುಳಲ್ಲಿ ಮರದ ಹಲಗೆ, ಕೈಯಲ್ಲಿ ಹಿಟ್ಟಿನ ಡಬ್ಬಿ, ಬೆನ್ನ ಹಿಂದೆ ಹಂಚು ಹೊತ್ತ ಈರಬಸಪ್ಪ. ಗಂಗವ್ವ ಒಳಗೆ ಬಂದು, ಚಾಪೆಯನ್ನು ಕಾಲಿನಿಂದ ಬದಿಗೆ ಸರಿಸಿ, ನೆಲಕ್ಕೆ ಕೂತಳು. ಬಿಸಿನೀರು ಬೇಡಿದಳು. ಹಿಟ್ಟು ನಾದಿದಳು. ಉಂಡೆ ಮಾಡಿ ಹಲಗೆಯ ಮೇಲಿಟ್ಟು ಕೈಯೆತ್ತಿದಳು.

ಮೊದಲ ಪೆಟ್ಟಿಗೆ ಯಶ್ ಅಜ್ಜಿಯ ಕಂಕುಳಲ್ಲಿ ಬೆಚ್ಚಿ ತುಟಿ ಸೊಟ್ಟ ಮಾಡಿದ. ಕೋಣೆಯೊಳಗಿಂದ ಮೇಘನಾ ಇಣುಕಿದಳು, ಕಿವಿಯಲ್ಲಿ ಹೆಡ್‌ಫೋನು. ಗಂಗವ್ವ ನಿಲ್ಲಿಸಲಿಲ್ಲ. ಬರಿಯ ಉಂಡೆ ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಹಿಗ್ಗಿ, ಹಲಗೆಯ ಅಂಚು ಮುಟ್ಟಿ ನಿಂತಿತು. ಸುಮಿತ್ರಮ್ಮ ಬಗ್ಗಿ ನೋಡಿದಳು. ಅರ್ಧ ನಿಮಿಷ ಆಗಿರಲಿಕ್ಕಿಲ್ಲ. ಆ ಅರ್ಧ ನಿಮಿಷವನ್ನು ತಾನು ಎರಡು ತಿಂಗಳು ಹಾಸಿಗೆಯಲ್ಲಿ ಮಲಗಿ ಶಪಿಸಿದ್ದಳು.

ಐದು ರೊಟ್ಟಿಯಾದವು. ಈರಬಸಪ್ಪ ಊಟದ ಮೇಜಿನ ಬಳಿ ಕೂತು, ಮೊದಲನೆಯದನ್ನು ಬರಿದೇ, ಪಲ್ಯವಿಲ್ಲದೆ ತಿಂದು ಮುಗಿಸಿದ್ದ. ಆರನೆಯದನ್ನು ಹಂಚಿನಿಂದ ತೆಗೆಯುತ್ತ ಗಂಗವ್ವ ಕೇಳಿದಳು:

"ಆ ಹುಡುಗಗ ಹೇಳಿ ಬಂದ್ರೇನು?"

"ಇಲ್ಲ. ಮೇಘನಾ ಮೀಟಿಂಗ್ ಮುಗೀಲಿ, ಜೊತೇಲಿ ಕರ್ಕೊಂಡ್ ಹೋಗಿ ಇಂಗ್ಲಿಷಲ್ಲಿ..."

"ನಿನ್ನೆ ನಮ್ಮ ಮನಿಗೆ ಯಾರನ್ನ ಕರಕೊಂಡು ಬಂದಿದ್ರಿ?"

ಸುಮಿತ್ರಮ್ಮ ಕೂಸನ್ನು ಈರಬಸಪ್ಪನ ತೊಡೆಯ ಮೇಲೆ ಕೂರಿಸಿದಳು. ಗಂಗವ್ವ ಎರಡು ಬಿಸಿ ರೊಟ್ಟಿ ಮಡಿಸದೆ ತಟ್ಟೆಗೆ ಹಾಕಿ, ಮೇಲೆ ಒಂದು ಚಮಚ ಶೇಂಗಾ ಚಟ್ನಿ, ಅದರ ಮೇಲೆ ಬೆಣ್ಣೆ ಇಟ್ಟುಕೊಟ್ಟಳು. "ಆರೂದರೊಳಗ ಹೋಗ್ರಿ. ಆರಿದ್ರ ಅವಗೇನ ತಿಳೀತದ ರೊಟ್ಟಿ ಅಂದ್ರ ಏನಂತ."

ಮುಂಬದಿಯ ಮೆಟ್ಟಿಲು ಹದಿನಾಲ್ಕು. ಸುಮಿತ್ರಮ್ಮ ಎಣಿಸಿಕೊಂಡು ಹತ್ತಿದಳು. ಬಾಗಿಲು ತಟ್ಟಿದಳು, ಸದ್ದು ಮೆತ್ತಗಾಯಿತೆನಿಸಿ ಇನ್ನೊಮ್ಮೆ ಜೋರಾಗಿ ಬಡಿದಳು. ಒಳಗೆ ರಬ್ಬರಿನ ಮೇಲೆ ನಡೆದು ಬರುವ ಹೆಜ್ಜೆ ಕೇಳಿಸಿಯೂ ಕೇಳಿಸದಂತಿತ್ತು. ಬಾಗಿಲು ತೆರೆಯಿತು. ಕೆದರಿದ ಕೂದಲು, ಕಾಲಿಗೆ ದಪ್ಪ ಉಣ್ಣೆಯ ಚೀಲ. ಮನೆಯೊಳಗೂ ಸದ್ದಾಗದಂತೆ ಹಾಕಿಕೊಂಡಿದ್ದ. ಹತ್ತಿರದಿಂದ ನೋಡಿದರೆ ಇನ್ನೂ ಮೀಸೆ ಸರಿಯಾಗಿ ಬಾರದ ಮುಖ.

ಅವನು ಏನೋ ಕೇಳಿದ. ಸುಮಿತ್ರಮ್ಮನಿಗೆ ಗೊತ್ತಿದ್ದ ನಾಲ್ಕು ಇಂಗ್ಲಿಷ್ ಮಾತುಗಳೂ ಆ ಗಳಿಗೆಯಲ್ಲಿ ಕೈಕೊಟ್ಟವು. ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದರಿಂದ ಗಾಳಿಯಲ್ಲಿ ಬಡಿದು ತೋರಿಸಿದಳು.

"ಟಪ್ ಟಪ್ ಟಪ್. ನೋ ಯೂ," ಎಂದಳು. ಆಮೇಲೆ ತನ್ನ ಎದೆಗೆ ಬೆರಳಿಟ್ಟು, "ಲೆಟರ್, ನಾನು. ತಪ್ಪಾಯ್ತು ಕಣಪ್ಪ. ಸಾರಿ."

ಹುಡುಗ ಅವಳನ್ನು ನೋಡಿದ, ತಟ್ಟೆ ನೋಡಿದ. ಹಣೆ ಗಂಟಿಕ್ಕಿ ಯೋಚಿಸಿದ. ಅಷ್ಟರಲ್ಲಿ ಕೆಳಗಿನಿಂದ, ಗಂಗವ್ವ ಏಳನೆಯ ರೊಟ್ಟಿಗೆ ಕೈ ಹಾಕಿರಬೇಕು, ಮೂರು ಪೆಟ್ಟು ಕೇಳಿಸಿತು. ಬಿಡುವಿನ ನಂತರ ಮತ್ತೆ ಮೂರು. ಅವನ ಹುಬ್ಬು ಮೇಲೇರಿತು. ಕೆಳಗೆ ಬೊಟ್ಟು ಮಾಡಿದ, ತಟ್ಟೆಗೆ ಬೊಟ್ಟು ಮಾಡಿದ.

"ಊಂ," ಎಂದಳು ಸುಮಿತ್ರಮ್ಮ. "ಅದೇ. ತಿನ್ನು, ಆರೋಗುತ್ತೆ."

ಅವನು ಬಾಗಿಲನ್ನು ಪೂರ್ತಿ ತೆರೆದು, ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡ.